ನಾಗಾರ್ಜುನಸಾಗರದ ನೀರಿನಡಿಯ ವಿಜಯಪುರಿ ಮತ್ತು ಬನವಾಸಿಯ ರಾಣಿ



ಮಹಾಬಲೇಶ್ವರದಲ್ಲಿ ಹುಟ್ಟಿ ಕರ್ನಾಟಕವನ್ನು ಹಾದುಹೋಗುವ ಕೃಷ್ಣಾ ನದಿಗೆ ಆಂಧ್ರ ಮತ್ತು ತೆಲಂಗಾಣದ ಗಡಿಯಲ್ಲಿ ನಾಗಾರ್ಜುನಸಾಗರ ಅಣೆಕಟ್ಟು ಇದೆ. 1955ರ ಡಿಸೆಂಬರ್ 10ರಂದು ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದರು. 1967ರಲ್ಲಿ ಕೆಲಸ ಮುಗಿಯಿತು. ಸುಮಾರು 124 ಮೀಟರ್ ಎತ್ತರದ ಈ ಕಲ್ಲಿನ ಕಟ್ಟೆಯ ಹಿಂದೆ ಒಂದು ಇಡೀ ಕಣಿವೆ ಮುಳುಗಿದೆ.

ಮೂರು ಕಡೆ ನಲ್ಲಮಲ ಬೆಟ್ಟಸಾಲಿನ ಕವಲುಗಳು, ಇನ್ನೊಂದು ಕಡೆ ನದಿ. ಕಾವಲೂ ನೀರೂ ಒಟ್ಟಿಗೆ ಸಿಗುವ ಜಾಗವಾದ್ದರಿಂದ ಶಿಲಾಯುಗದಿಂದಲೂ ಜನ ಇಲ್ಲಿದ್ದರು. ಅವರ ಕಲ್ಲಿನ ಆಯುಧಗಳೂ ಬೃಹತ್ ಶಿಲಾ ಸಮಾಧಿಗಳೂ ಸಿಕ್ಕಿವೆ. ಕ್ರಿ.ಶ. 3ನೇ ಶತಮಾನದಲ್ಲಿ ಇಕ್ಷ್ವಾಕು ಅರಸರು ಇಲ್ಲಿ ವಿಜಯಪುರಿ ಎಂಬ ರಾಜಧಾನಿ ಕಟ್ಟಿದರು. ಬೌದ್ಧ ಸ್ತೂಪ, ವಿಹಾರಗಳ ಜೊತೆಗೆ ದೇವಾಲಯಗಳು, ನದಿಯ ಸೋಪಾನಗಳು, ಬಯಲು ರಂಗಮಂದಿರವೂ ಇದ್ದವು.

ಕನ್ನಡಿಗರಾದ ನಾವು ನೆನಪಿಡಬೇಕಾದ ಸಂಗತಿ ಇಲ್ಲಿನ ಒಂದು ಪ್ರಾಕೃತ ಶಾಸನದಲ್ಲಿದೆ. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ, ಅಂದರೆ ನಮ್ಮ ಬನವಾಸಿಯ, ಮಹಾರಾಜನ ರಾಣಿ. ಅಣ್ಣತಮ್ಮಂದಿರಲ್ಲಿ ಒಬ್ಬನಾದ ಎಹುವುಲ ಶಾಂತಮೂಲನ ಆಳ್ವಿಕೆಯಲ್ಲಿ ಆಕೆ ತವರಿನಲ್ಲಿ ಮಹೀಶಾಸಕ ಪಂಥದ ಭಿಕ್ಷುಗಳಿಗೆ ವಿಹಾರ ಕಟ್ಟಿಸಿದಳು. ಇದು ಕದಂಬರಿಗೂ ಹಿಂದಿನ ಮಾತು. ಈ ಎರಡು ನಾಡುಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ಅಷ್ಟು ಹಳೆಯದು.

ಅವಶೇಷಗಳು 1926ರಲ್ಲಿ ಬೆಳಕಿಗೆ ಬಂದಿದ್ದವು. ಕಣಿವೆ ಮುಳುಗುವುದೆಂದು ತಿಳಿದಾಗ, 1954ರಿಂದ 1960ರವರೆಗೆ ಪುರಾತತ್ತ್ವ ಇಲಾಖೆ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ವಿಸ್ತಾರವಾಗಿ ಉತ್ಖನನ ಮಾಡಿತು. ಕೆಲವು ಕಟ್ಟಡಗಳನ್ನು ಬಿಚ್ಚಿ ನಾಗಾರ್ಜುನಕೊಂಡ ಬೆಟ್ಟದ ಮೇಲೆ ಮರುಜೋಡಿಸಿದರು. ಕೆಲವಕ್ಕೆ ದಡದ ಅನುಪುವಿನಲ್ಲಿ ಪ್ರತಿರೂಪ ಕಟ್ಟಿದರು. ಆ ಬೆಟ್ಟ ಈಗ ದ್ವೀಪ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಲಾಂಚಿನಲ್ಲಿ ಹೋಗಬೇಕು. ಕಣಿವೆಯ ಹಳ್ಳಿಗರು ಮಾತ್ರ ಮನೆ, ಹೊಲ ಬಿಟ್ಟು ಬೇರೆಡೆ ಹೋಗಬೇಕಾಯಿತು.

ನೀರು ಬರುವ ಮೊದಲೇ ಓದಿ, ನಕಲು ತೆಗೆದು, ಬರೆದಿಟ್ಟಿದ್ದರಿಂದ ಕೊಡಬಲಿಸಿರಿಯ ಹೆಸರು ನಮಗೆ ಉಳಿದಿದೆ. ನಮ್ಮ ಗಡಿ ಊರುಗಳ ಕೆರೆ ಏರಿ, ತೂಬು, ಬಾವಿಕಟ್ಟೆಗಳಲ್ಲೂ ಅಕ್ಷರವಿರುವ ಕಲ್ಲುಗಳೂ ವೀರಗಲ್ಲುಗಳೂ ಇರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಂಡರೆ ಕಲ್ಲನ್ನು ಕದಲಿಸಬೇಡಿ, ಸುಣ್ಣ ಬಳಿಯಬೇಡಿ. ಫೋಟೋ ತೆಗೆದು, ಊರು ಮತ್ತು ಜಾಗದ ಗುರುತು ಬರೆದು ಸಂಘಕ್ಕೆ ಕಳಿಸಿ. ಓದಬಲ್ಲವರಿಗೆ ತಲುಪಿಸುವ ಕೆಲಸ ನಾವು ಮಾಡುತ್ತೇವೆ.

— ಕಾರ್ಯದರ್ಶಿ