ಹಾಸನದ ಡಿಶ್, ನ್ಯೂಜೆರ್ಸಿಯ ಡಿಶ್

ನಮ್ಮೂರು ಹಾಸನದ ಹತ್ತಿರ. ಚಿಕ್ಕವನಿದ್ದಾಗ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ಬಸ್ಸಿನಿಂದ ನೋಡಿ, ಅಲ್ಲಿ ಟಿವಿ ಮಾಡ್ತಾರೆ ಅಂದ್ಕೊಂಡಿದ್ದೆ. 1983ರಲ್ಲಿ ಹಾರಿದ ಇನ್ಸಾಟ್-1ಬಿ ಅಲ್ಲಿಂದಲೇ ನಿಯಂತ್ರಣದಲ್ಲಿತ್ತು, ಮೋಡದ ಚಿತ್ರವನ್ನೂ ಕಳಿಸುತ್ತಿತ್ತು ಅಂತ ತಿಳಿದದ್ದು ಆಮೇಲೆ.

ಈ ಕಥೆ ಶುರುವಾದದ್ದು ಮಾತ್ರ ನಮ್ಮ ಮೆಟುಚೆನ್ ಆಸುಪಾಸಿನಲ್ಲೇ. ಮೊದಲ ಯಶಸ್ವಿ ಹವಾಮಾನ ಉಪಗ್ರಹ ಟೈರೋಸ್-1 ಅನ್ನು ಕಟ್ಟಿದ್ದು ಹೈಟ್ಸ್‌ಟೌನ್ ಬಳಿಯ ಆರ್‌ಸಿಎ ಕಾರ್ಖಾನೆಯಲ್ಲಿ. 1960ರ ಏಪ್ರಿಲ್ 1ರಂದು ಹಾರಿದ ಅದರಲ್ಲಿ ಇದ್ದದ್ದು ಎರಡು ಟಿವಿ ಕ್ಯಾಮೆರಾ. ದುಡಿದದ್ದು 78 ದಿನ. ಮೊದಲ ಚಿತ್ರಗಳು ಬಂದಿಳಿದದ್ದು ವಾಲ್ ಟೌನ್‌ಶಿಪ್‌ನ ಕ್ಯಾಂಪ್ ಎವನ್ಸ್‌ನ ಡಿಶ್‌ಗೆ.

ಆ ಕ್ಯಾಮೆರಾಕ್ಕೆ ಹಗಲಿನ ಮೋಡ ಮಾತ್ರ ಕಾಣುತ್ತಿತ್ತು. ಇನ್‌ಫ್ರಾರೆಡ್ ಉಪಕರಣ ಬಂದಮೇಲೆ ರಾತ್ರಿಯ ಮೋಡವೂ ಕಂಡಿತು. ಮೋಡದ ನೆತ್ತಿ ತಣ್ಣಗಿದ್ದಷ್ಟೂ ಅದು ಎತ್ತರದಲ್ಲಿದೆ ಅಂತ ಲೆಕ್ಕ. 1966ರ ಎಟಿಎಸ್-1 ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿತು. ಒಂದು ಚಿತ್ರದಿಂದ ಇನ್ನೊಂದಕ್ಕೆ ಮೋಡ ಎಷ್ಟು ಸರಿದಿದೆ ಅಂತ ಅಳೆದರೆ ಗಾಳಿಯ ವೇಗವೂ ಸಿಕ್ಕಿತು.

2012ರ ಅಕ್ಟೋಬರ್ 29, ಸ್ಯಾಂಡಿ ಬಂದ ದಿನ. ಬೆಳಿಗ್ಗೆಯೇ ಊರಿಂದ ಅಮ್ಮನ ಫೋನ್: "ಟಿವೀಲಿ ಮೋಡ ನೋಡ್ದೆ ಕಣೋ, ಸುರುಳಿ ಸುತ್ಕೊಂಡು ನಿಮ್ಮ ಕಡೇನೇ ಬರ್ತಿದೆ. ಹೊರಗೆ ಹೋಗ್ಬೇಡ." ರಾತ್ರಿ ಶಿಫ್ಟ್ ಬಿಟ್ಟೆ. ಒಂದು ದಿನದ ಕೂಲಿ ಹೋಯ್ತು. ಬೆಳಗಾದಾಗ ನೋಡಿದರೆ, ನಾನು ನಡೆದು ಹೋಗುವ ದಾರಿಗೆ ಅಡ್ಡಲಾಗಿ ದೊಡ್ಡ ಮರ ಬಿದ್ದಿತ್ತು.

ಕ್ಯಾಂಪ್ ಎವನ್ಸ್ ಈಗ ಮ್ಯೂಸಿಯಂ. ಆ ಡಿಶ್ ಇನ್ನೂ ನಿಂತಿದೆ. ಬಿಡುವಿದ್ದಾಗ ಮಕ್ಕಳನ್ನು ಕರ್ಕೊಂಡು ಒಮ್ಮೆ ನೋಡಿ ಬನ್ನಿ.