ಕೋಶದ ಹಂದರದ ಒಂದು ಪ್ರಾಚೀನ ಜೀನು

ಇಟಲಿ ದೇಶದ ಆಮ್ಲಮಯವಾದ ಬಿಸಿನೀರಿನ ಬುಗ್ಗೆಗಳಲ್ಲಿ ಬೆಳೆಯುವ ಒಂದು ಕೆಂಪುಪಾಚಿಗೆ 1978ರಲ್ಲಿ ಡೆ ಲೂಕಾ, ಟಡ್ಡೆಯಿ, ವರಾನೋ ಎಂಬ ಮೂವರು ಸಯನಿಡಿಯೋಸ್ಕೈಜಾನ್ ಮೆರೋಲೆ ಎಂದು ಹೆಸರಿಟ್ಟರು. ಇದರ ಕೋಶದ ಅಗಲ ಒಂದು ಮಿಲಿಮೀಟರಿನ 500ನೆಯ ಒಂದು ಭಾಗದಷ್ಟು. ಅದರೊಳಗೆ ಕೋಶಕೇಂದ್ರವೊಂದು, ಹರಿತ್ಕಣವೊಂದು, ಉಸಿರಾಟದ ಕೆಲಸ ನಡೆಸುವ ಮೈಟೊಕಾಂಡ್ರಿಯವೊಂದು. ಕೋಶವು ಇಬ್ಭಾಗವಾಗುವಾಗ ಇವೂ ಇಬ್ಭಾಗವಾಗುವುವು. ಅಂಗಗಳು ನೂರಾರಿರುವ ಕೋಶದಲ್ಲಿ ಒಂದೊಂದರ ವಿಭಜನೆಯನ್ನು ಹಿಂಬಾಲಿಸುವುದು ದುಸ್ತರವಾದುದರಿಂದಲೇ ಜಪಾನಿನ ಕುರೊಇವ ಮತ್ತು ಅವರ ಸಂಗಡಿಗರು ಈ ಅಲ್ಪಜೀವಿಯನ್ನು ಆರಿಸಿಕೊಂಡರು.

ಹರಿತ್ಕಣವೂ ಮೈಟೊಕಾಂಡ್ರಿಯವೂ ಹಿಂದೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳೆಂಬುದು ವಿದ್ವಾಂಸರ ಮತ. ಬ್ಯಾಕ್ಟೀರಿಯವು ವಿಭಜಿಸುವೆಡೆಯಲ್ಲಿ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನು ಉಂಗುರದಂತೆ ಕೂಡುವುದನ್ನು ಬಿ, ಲುಟ್ಕೆನ್‌ಹೌಸ್ ಎಂಬವರು 1991ರಲ್ಲಿ ತೋರಿಸಿದರು. ನಮ್ಮ ಕೋಶಗಳ ಹಂದರವನ್ನು ಕಟ್ಟುವ ಟ್ಯೂಬ್ಯುಲಿನ್ನಿಗೂ ಇದಕ್ಕೂ ಇರುವ ದಾಯಾದಿ ಸಂಬಂಧ 1998ರಲ್ಲಿ ಅವೆರಡರ ರಚನೆ ತಿಳಿದಾಗ ನಿಸ್ಸಂದೇಹವಾಯಿತು. ಇದೇ ಪ್ರೋಟೀನು ಸಸ್ಯದ ಹರಿತ್ಕಣದಲ್ಲಿಯೂ ಇರುವುದೆಂದು 1995ರಲ್ಲಿಯೇ ಗೊತ್ತಾಗಿದ್ದಿತು. ಆದರೆ ಮೈಟೊಕಾಂಡ್ರಿಯದ ಸಂಗತಿ ಬೇರೆ. 1996ರಲ್ಲಿ ಯೀಸ್ಟಿನ ಜೀನುಗಳನ್ನೆಲ್ಲ ಓದಿ ಮುಗಿಸಿದರೂ ಈ ಜೀನಿನ ಸುಳಿವೇ ಇರಲಿಲ್ಲ. ಅಲ್ಲಿ ಆ ಕಾರ್ಯವನ್ನು ಡೈನಮಿನ್ ವರ್ಗದ ಬೇರೊಂದು ಪ್ರೋಟೀನು ನಡೆಸುವುದು. ಹಾಗಾದರೆ ಮೂಲದ ಉಂಗುರವೆಲ್ಲಿ?

ತಕಹಾರ ಮತ್ತು ಸಂಗಡಿಗರು 2000ದಲ್ಲಿ ಈ ಕೆಂಪುಪಾಚಿಯಲ್ಲಿ ಆ ಜೀನನ್ನು ಗುರುತಿಸಿದರು. ಅದರ ಅಕ್ಷರಕ್ರಮವು ಮೈಟೊಕಾಂಡ್ರಿಯದ ಪೂರ್ವಜರೆನಿಸಿದ ಆಲ್ಫಾ ಪ್ರೋಟಿಯೋಬ್ಯಾಕ್ಟೀರಿಯಗಳ ಜೀನನ್ನು ಹೋಲುತ್ತಿದ್ದಿತು. ಹೋಲಿಕೆಯೊಂದರಿಂದಲೇ ನಿರ್ಣಯಿಸದೆ ಅವರು ಅದನ್ನು ಮೈಟೊಕಾಂಡ್ರಿಯದ ಜೀನೆಂದು ‘ಊಹಿಸಲಾದುದು’ ಎಂದಷ್ಟೇ ಕರೆದುದು ಶ್ಲಾಘ್ಯವಾದ ಸಂಯಮ. ಅದೇ ವರ್ಷ ಬೀಚ್ ಮೊದಲಾದವರು ಮ್ಯಾಲೊಮೊನಾಸ್ ಎಂಬ ಇನ್ನೊಂದು ಪಾಚಿಯಲ್ಲಿ ಇಂಥದೇ ಪ್ರೋಟೀನು ಮೈಟೊಕಾಂಡ್ರಿಯದೊಳಗೇ ಇರುವುದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಹಲವು ಪ್ರತಿಗಳಲ್ಲಿ ಬಿಟ್ಟುಹೋದ ಪಾಠವೊಂದು ಮೂಲೆಯ ಓಲೆಕಟ್ಟಿನಲ್ಲಿ ದೊರೆತಂತಾಯಿತು.

ಇಷ್ಟರಿಂದ ಈ ಪಾಚಿಯನ್ನು ಮೂಲಪ್ರತಿಯೆಂದೇ ಭಾವಿಸುವುದು ಸಲ್ಲದು. ಲೇಖನಗಳಲ್ಲಿ ಮೇಲಿಂದ ಮೇಲೆ ಬರುವ ‘ಆದಿಮ’ ಎಂಬ ವಿಶೇಷಣವನ್ನು ಎಚ್ಚರದಿಂದ ಓದಬೇಕು. 2004ರಲ್ಲಿ ಪ್ರಕಟವಾದ ಇದರ ಜೀನುಸಂಪುಟದಲ್ಲಿ ಸುಮಾರು 1.65 ಕೋಟಿ ಅಕ್ಷರಗಳಿದ್ದರೂ, ಆಕ್ಟಿನ್ನಿನ ಜೊತೆಗಾರನಾದ ಮಯೋಸಿನ್ನಿನ ಜೀನು ಕಾಣಲಿಲ್ಲ. ಹಳೆಯ ಪಾಠವನ್ನು ಉಳಿಸಿದ ಪ್ರತಿಯೂ ಕೆಲವು ಗರಿಗಳನ್ನು ಕಳೆದುಕೊಂಡಿರಬಹುದು. ಇದಲ್ಲದೆ, ಇದೇ ಪಾಚಿಯ ಮೈಟೊಕಾಂಡ್ರಿಯವು ಕಡೆಯಲ್ಲಿ ಕಡಿದು ಬೇರ್ಪಡುವಾಗ ಡೈನಮಿನ್ನೂ ಬಂದು ಸೇರುವುದೆಂದು ನಿಶಿದ ಮೊದಲಾದವರು 2003ರಲ್ಲಿ ಕಂಡರು. ಯೀಸ್ಟಿನಲ್ಲಿ ಒಂಟಿಯಾಗಿ ದುಡಿಯುವ ಪ್ರೋಟೀನು ಇಲ್ಲಿ ಹಳೆಯ ಉಂಗುರದೊಡನೆ ಒಂದೇ ಕೋಶದಲ್ಲಿರುವುದು.