ದಂತ ನೈರ್ಮಲ್ಯ ಡಿಪ್ಲೊಮಾ: ಶುಲ್ಕ ಕಟ್ಟುವ ಮುನ್ನ ತಿಳಿಯಬೇಕಾದದ್ದು

ಕೊಳಗಲ್ಲಿನಿಂದ ಬಳ್ಳಾರಿ ನಗರದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ದೂರ ಹೆಚ್ಚೇನಿಲ್ಲ. ಆದರೆ ಅಲ್ಲಿ ಬಿಡಿಎಸ್ ಓದಲು ನೀಟ್ ದಾಟಬೇಕು. ಬಳಿಕ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಅದು ಕೈಗೂಡದ ವಿಜ್ಞಾನ ವಿದ್ಯಾರ್ಥಿಗಳಿಗೆ ಇದೇ ಕ್ಷೇತ್ರದಲ್ಲಿ ಇನ್ನೊಂದು ವೃತ್ತಿಯಿದೆ: ಡೆಂಟಲ್ ಹೈಜೀನಿಸ್ಟ್, ಅಂದರೆ ದಂತ ನೈರ್ಮಲ್ಯ ಸಹಾಯಕ.

1948ರ ದಂತವೈದ್ಯರ ಕಾಯ್ದೆ ಈ ವೃತ್ತಿಯನ್ನು ಸ್ಪಷ್ಟವಾಗಿ ವಿವರಿಸಿತ್ತು. ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆಯನ್ನು ತೆಗೆಯುವುದು (ಸ್ಕೇಲಿಂಗ್), ಶುಚಿಗೊಳಿಸಿ ಹೊಳಪು ನೀಡುವುದು, ಬಾಯಿಯ ಸ್ವಚ್ಛತೆ ಕುರಿತು ತಿಳಿವಳಿಕೆ ಕೊಡುವುದು ಇವರ ಕೆಲಸ. ಹಲ್ಲು ಕೀಳುವುದು, ಕೊರೆದು ತುಂಬುವುದು ದಂತವೈದ್ಯರಿಗೆ ಮೀಸಲು. ಕಟ್ಟುಹಲ್ಲು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಬೇರೆಯೇ ವೃತ್ತಿ. ಪ್ರವೇಶದ ವೇಳೆ ಈ ಎರಡನ್ನು ಒಂದೇ ಎಂದು ಭಾವಿಸಬಾರದು.

ತರಬೇತಿ ಎರಡು ವರ್ಷದ ಡಿಪ್ಲೊಮಾ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೊಂದಿಗೆ ಪಿಯುಸಿ ಮುಗಿಸಿರಬೇಕು. ಅಂಗರಚನೆ, ಸೂಕ್ಷ್ಮಾಣುಜೀವಿಶಾಸ್ತ್ರ, ಒಸಡಿನ ರೋಗಗಳು, ಉಪಕರಣಗಳ ಶುದ್ಧೀಕರಣ ಮುಂತಾದವು ಪಾಠದ ವಿಷಯಗಳು. ಆದರೂ ನಿಜವಾದ ಕಲಿಕೆ ರೋಗಿಯ ಕುರ್ಚಿಯ ಪಕ್ಕದಲ್ಲಿಯೇ. ಒಸಡಿಗೆ ಗಾಯವಾಗದಂತೆ ಸ್ಕೇಲರ್ ಹಿಡಿಯುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹೀಗಾಗಿ ದಂತ ಆಸ್ಪತ್ರೆಯಿಲ್ಲದ ಸಂಸ್ಥೆ ಕೊಡುವ ಪ್ರಮಾಣಪತ್ರವನ್ನು ಅನುಮಾನದಿಂದಲೇ ನೋಡುವುದು ಲೇಸು.

ಇಲ್ಲಿಯೇ ಹಲವರು ಎಡವುವುದು. ಕೋರ್ಸ್ ಮುಗಿದ ಮೇಲೆ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಮಾನ್ಯತೆ ಇಲ್ಲದ ಕೋರ್ಸ್‌ಗೆ ನೋಂದಣಿ ಸಿಗದು. ನೋಂದಣಿ ಇಲ್ಲದವರು ಸ್ಕೇಲಿಂಗ್ ಮಾಡುವುದನ್ನು 1948ರ ಕಾಯ್ದೆಯೇ ನಿರ್ಬಂಧಿಸಿತ್ತು. ಅದರ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ, ಕಾಲೇಜಿನ ಹೆಸರನ್ನಷ್ಟೇ ಅಲ್ಲ, ಆ ನಿರ್ದಿಷ್ಟ ಕೋರ್ಸ್‌ನ ಮಾನ್ಯತೆಯನ್ನೂ ವಿಚಾರಿಸಬೇಕು. ಬಿಡಿಎಸ್‌ಗೆ ಮಾನ್ಯತೆ ಇದ್ದ ಮಾತ್ರಕ್ಕೆ ಡಿಪ್ಲೊಮಾಕ್ಕೂ ಇದೆ ಎಂದು ಅರ್ಥವಲ್ಲ.

ಉದ್ಯೋಗದ ಬಗೆಗೆ ಅತಿಯಾದ ಭರವಸೆ ಬೇಡ. ನಮ್ಮಲ್ಲಿ ಬಹುತೇಕ ಚಿಕಿತ್ಸಾಲಯಗಳಲ್ಲಿ ಸ್ಕೇಲಿಂಗ್ ಅನ್ನು ದಂತವೈದ್ಯರೇ ಮಾಡುತ್ತಾರೆ. ಆದರೆ ಕೆಲಸದ ಅಗತ್ಯ ಕಡಿಮೆಯೇನಲ್ಲ. ಬಳ್ಳಾರಿ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಎಳೆಯ ವಯಸ್ಸಿನಲ್ಲಿ, ಹಲ್ಲು ರೂಪುಗೊಳ್ಳುವಾಗಲೇ ಅದು ಎನಾಮಲ್‌ಗೆ ಸೇರಿ ಮೂಡಿಸುವ ಕಲೆ ಸ್ಕೇಲಿಂಗ್‌ನಿಂದ ಹೋಗುವುದಿಲ್ಲ. ಉಜ್ಜಿ ಉಜ್ಜಿ ಸವೆಸಬೇಡಿ, ಮಕ್ಕಳಿಗೆ ಕೊಡುವ ನೀರನ್ನು ಪರೀಕ್ಷಿಸಿ ಎಂದು ತಾಯಂದಿರಿಗೆ ಬಿಡಿಸಿ ಹೇಳಲು ಶಾಲೆ, ಅಂಗನವಾಡಿಗಳಿಗೆ ಹೋಗಬಲ್ಲ ತರಬೇತಾದವರು ಬೇಕು.

ಈ ವೃತ್ತಿ ಮೊಳೆತದ್ದೂ ಇಂಥದೇ ಆಲೋಚನೆಯಿಂದ. ಅಮೆರಿಕದ ಬ್ರಿಜ್‌ಪೋರ್ಟ್‌ನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಈ ಕೆಲಸ ಕಲಿಸಿ, 1913ರಲ್ಲಿ ಶಾಲೆಯನ್ನೇ ತೆರೆದರು. ಅಲ್ಲಿ ತರಬೇತಾದವರು ಊರಿನ ಶಾಲಾಮಕ್ಕಳ ಹಲ್ಲು ಶುಚಿಗೊಳಿಸಲು ಹೊರಟರು. ಇಂದು ಅಲ್ಲಿ ದುಡಿಯಲು ಮಾನ್ಯತೆ ಪಡೆದ ಕಾಲೇಜಿನ ಪದವಿ, ರಾಷ್ಟ್ರೀಯ ಪರೀಕ್ಷೆ, ರಾಜ್ಯದ ಪರವಾನಗಿ ಅಗತ್ಯ. ಇಲ್ಲಿನ ಡಿಪ್ಲೊಮಾ ಒಂದೇ ಸಾಲದು.